ಐದು ಸಾವಿರ ವಾಟ್‌ನ ಪೆಟ್ಟಿಗೆ ಮತ್ತು ನಮ್ಮಜ್ಜಿಯ ಕಿವಿ

ಹೋದ ವರ್ಷ ಈರುಳ್ಳಿ ಮಾರಿದ ದುಡ್ಡಿನಲ್ಲಿ ನಮ್ಮ ಮನೆಗೆ ಗೋಡೆಗೆ ನೇತುಹಾಕುವ ಹೊಸ ಟಿವಿ ಬಂತು. ಹಳೇ ಡಬ್ಬಾ ಟಿವಿ ಅಟ್ಟ ಸೇರಿತು. ಚಿತ್ರ ನೋಡಿ ಎಲ್ಲರಿಗೂ ಖುಷಿ. ನಮ್ಮಜ್ಜಿಗೆ ಮಾತ್ರ ಒಂದೇ ತಕರಾರು. "ಮುಖ ಚೆನ್ನಾಗಿ ಕಾಣ್ತತೆ, ಏನ್ ಮಾತಾಡ್ತಾರೋ ತಿಳಿಯಲ್ಲ" ಅಂದಳು.

ವಾಲ್ಯೂಮ್ 20ರಿಂದ 40ಕ್ಕೆ ಹೋಯಿತು, 40ರಿಂದ 70ಕ್ಕೆ ಹೋಯಿತು. ಅಜ್ಜಿ ಧಾರಾವಾಹಿ ನೋಡುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಓದುವ ಹುಡುಗಿ ಪುಸ್ತಕ ಹಿಡಿದು ಮಾಳಿಗೆ ಹತ್ತತೊಡಗಿದಳು. ಮನೆಯಲ್ಲಿ ದಿನಾ ಜಗಳ. ಕೊನೆಗೊಂದು ದಿನ ಅಜ್ಜಿಯೇ ಟಿವಿ ಮುಂದೆ ಕೂರುವುದನ್ನು ಬಿಟ್ಟಳು. ಸಂಜೆಯಾದರೆ ಜಗಲಿ ಮೇಲೆ ಒಬ್ಬಳೇ ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳನ್ನು ನೋಡುತ್ತ ಕೂರುತ್ತಿದ್ದಳು. ಕೇಳಿದರೆ "ನಂಗೆ ಸಾಕಾತು ಬಿಡಪ್ಪ" ಅನ್ನುತ್ತಿದ್ದಳು.

ಸಾಕಾಗಿರಲಿಲ್ಲ ಅನ್ನುವುದು ನಮಗೆ ಗೊತ್ತಿತ್ತು. ಪಟ್ಟಣಕ್ಕೆ ಹೋಗಿ ಒಂದು ಅಂಗಡಿಯಲ್ಲಿ ಸ್ಪೀಕರ್ ಸೆಟ್ ತಂದೆವು. ಒಂದು ದಪ್ಪ ಪೆಟ್ಟಿಗೆ, ಎರಡು ಸಣ್ಣ ಪೆಟ್ಟಿಗೆ, ನೀಲಿ ದೀಪ, ರಿಮೋಟು. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ "5000 ವಾಟ್ ಪಿಎಂಪಿಒ" ಎಂದು ಬರೆದಿತ್ತು. ನಮ್ಮ ಬೋರ್‌ವೆಲ್‌ನ ಮೋಟಾರಿಗಿಂತ ದೊಡ್ಡ ಅಂಕಿ. ಇದಕ್ಕಿಂತ ಜೋರು ಇನ್ನೇನು ಬೇಕು ಅಂದುಕೊಂಡೆವು. ಹಾಕಿದ ರಾತ್ರಿ ಗಾಜಿನ ಶೋಕೇಸಿನ ಲೋಟಗಳು ನಡುಗಿದವು. ಅಜ್ಜಿ ಐದು ನಿಮಿಷ ಕೂತಳು. "ಗುಡುಗು ಜಾಸ್ತಿ ಆತು ಕಣಪ್ಪ. ಮಾತು ಇನ್ನೂ ಕಮ್ಮಿ ಆತು" ಅಂತ ಎದ್ದು ಹೋದಳು.

ನಾವು ಊರೂರು ತಿರುಗಿ ಸುದ್ದಿ ಬರೆಯುವವರು. ಎರಡು ಸಾವಿರ ಚಿಲ್ಲರೆ ಕೊಟ್ಟು ತಂದ ಪೆಟ್ಟಿಗೆಯಲ್ಲಿ ಏನಿದೆ ಅಂತ ನೋಡಿಯೇ ಇರಲಿಲ್ಲವಲ್ಲ ಎಂದು ನಮಗೇ ನಾಚಿಕೆಯಾಯಿತು. ಬಸ್‌ಸ್ಟ್ಯಾಂಡಿನ ಹಿಂದೆ ನಲವತ್ತು ವರ್ಷದಿಂದ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಸೆಟ್ಟು ಹೊತ್ತು ಅವರ ಬಳಿ ಹೋದೆವು. ಅವರು ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ. ಅದರ ಅಡಾಪ್ಟರ್ ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು. "ಇಲ್ಲಿ ಓದಪ್ಪ" ಅಂದರು. 12 ವೋಲ್ಟ್, 2 ಆಂಪಿಯರ್ ಅಂತಿತ್ತು. "ಎರಡನ್ನೂ ಗುಣಿಸು." 24. "ಇದ್ರ ಹೊಟ್ಟೆಗೆ ಹೋಗದೇ 24 ವಾಟ್. ಬಾಯಿಂದ 5000 ಎಲ್ಲಿಂದ ಬರ್ತತೆ?"

ಆಮೇಲೆ ನಾವೂ ಲೆಕ್ಕ ಹಾಕಿದೆವು. ಒಂದು ಎಚ್‌ಪಿ ಅಂದರೆ 746 ವಾಟ್. ಐದು ಎಚ್‌ಪಿ ಬೋರ್ ಮೋಟಾರು 3730 ವಾಟ್. ಆ ಸ್ಪೀಕರ್ ನಿಜಕ್ಕೂ 5000 ವಾಟ್ ಎಳೆಯುತ್ತಿದ್ದರೆ ಅದನ್ನು ಹಾಕಿದ ಕೂಡಲೇ ಮನೆಯ ಎಂಸಿಬಿ ಬೀಳಬೇಕಿತ್ತು.

ಈ ಸುಳ್ಳು ಅಂಕಿ ಎಲ್ಲಿಂದ ಬಂತು? ನಮ್ಮ ಅಜ್ಜಿ ಬಾಲ್ಯದಲ್ಲಿ ಪಂಚಾಯ್ತಿ ಕಟ್ಟೆಯ ರೇಡಿಯೋದಲ್ಲಿ ಒಂದಕ್ಷರ ಬಿಡದೆ ಕೇಳಿಸಿಕೊಂಡ ಮಾತು, ಈಗಿನ ಇಷ್ಟು ದುಬಾರಿ ಟಿವಿಯಲ್ಲಿ ಯಾಕೆ ಕೇಳಿಸುತ್ತಿಲ್ಲ? ಇದನ್ನು ಹುಡುಕುತ್ತ ಹೋದರೆ ನಮ್ಮ ಪಡಸಾಲೆಗೆ ಸದ್ದು ಬಂದ ಕತೆಯೇ ಬಿಚ್ಚಿಕೊಂಡಿತು.

ಆ ಕತೆ ಕನ್ನಡನಾಡಿನಲ್ಲಿ ಮೈಸೂರಿನಿಂದ ಶುರುವಾಗುತ್ತದೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಓದಿ ಬಂದವರು. 1935ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಖಾಸಗಿಯಾಗಿ ರೇಡಿಯೋ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟ್. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂದು ಹೇಳುತ್ತಾರೆ. ಮುಂದೆ ಇಡೀ ದೇಶದ ರೇಡಿಯೋಕ್ಕೆ ಅದೇ ಹೆಸರಾಯಿತು. ಮೈಸೂರು ಸರ್ಕಾರ ಕೇಂದ್ರವನ್ನು ವಹಿಸಿಕೊಂಡದ್ದು 1942ರಲ್ಲಿ, ಅದು ಬೆಂಗಳೂರಿಗೆ ಹೋದದ್ದು 1955ರಲ್ಲಿ.

ಪ್ರಸಾರದ ವಾಟೇ ಬೇರೆ, ಸ್ಪೀಕರಿನ ವಾಟೇ ಬೇರೆ. ಒಂದು ಆಕಾಶಕ್ಕೆ ಎಸೆಯುವ ಅಲೆಯದ್ದು, ಇನ್ನೊಂದು ಕಿವಿಗೆ ಬೀಳುವ ಸದ್ದಿನದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು, ನಿಜ. ಆದರೂ ಒಂದು ಊರಿಗೇ ಮಾತು ಮುಟ್ಟಿಸಿದ ಯಂತ್ರವೊಂದರ ಮೇಲೆ 30 ಎಂದು ನೇರವಾಗಿ ಬರೆದಿದ್ದ ಕಾಲವಿತ್ತು ಅನ್ನುವುದು ನಮ್ಮ ನೀಲಿ ದೀಪದ ಡಬ್ಬ ನೋಡಿದಾಗಲೆಲ್ಲ ನೆನಪಾಗುತ್ತದೆ.

ಈಗಿನ ಬಗೆಯ ಸ್ಪೀಕರ್ ಆಗ ಹತ್ತು ವರ್ಷದ ಕೂಸು. ಅದಕ್ಕೂ ಮೊದಲು ಗ್ರಾಮಫೋನಿಗೆ ಕರೆಂಟೇ ಬೇಕಿರಲಿಲ್ಲ. ಕೀ ತಿರುಗಿಸಿದರೆ ಪ್ಲೇಟು ತಿರುಗುತ್ತಿತ್ತು, ಮುಳ್ಳು ಅಲುಗಿದ್ದನ್ನು ಕಹಳೆಯಂಥ ಕೊಳವೆ ದೊಡ್ಡದು ಮಾಡುತ್ತಿತ್ತು. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು ಎಂಜಿನಿಯರುಗಳು ಕಾಗದದ ಶಂಕು, ತಂತಿ ಸುತ್ತಿದ ಕಾಯಿಲ್, ಅಯಸ್ಕಾಂತ ಈ ಮೂರನ್ನು ಜೋಡಿಸಿ ಮಾಡಿದ ಸ್ಪೀಕರಿನ ವಿವರ ಪ್ರಕಟಿಸಿದರು. ಇವತ್ತು ನಿಮ್ಮ ಮೊಬೈಲಿನಲ್ಲಿರುವುದೂ ಗಣೇಶನ ಮೆರವಣಿಗೆಯ ಡಿಜೆ ಗಾಡಿಯಲ್ಲಿರುವುದೂ ಮೂಲದಲ್ಲಿ ಅದೇ. ನಮ್ಮ ಕಡೆ ದೇವರ ಮುಂದೆ ಬಾರಿಸುವ ಉರುಮೆ ನೋಡಿದ್ದೀರಲ್ಲ? ಅಲ್ಲಿ ಕೋಲು ಚರ್ಮವನ್ನು ಅಲುಗಿಸುತ್ತದೆ, ಚರ್ಮ ಗಾಳಿಯನ್ನು ಅಲುಗಿಸುತ್ತದೆ. ಸ್ಪೀಕರಿನಲ್ಲಿ ಕೋಲಿನ ಜಾಗದಲ್ಲಿ ಕಾಯಿಲ್, ಚರ್ಮದ ಜಾಗದಲ್ಲಿ ಕಾಗದ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಹಳ್ಳಿಗಳಿಗೆ ಸಮುದಾಯ ರೇಡಿಯೋ ಕೊಡತೊಡಗಿತು. ಪಂಚಾಯ್ತಿ ಕಟ್ಟೆ ಒಳಗೆ ಸೆಟ್ಟು, ಮಾಳಿಗೆ ಮೇಲೆ ಹಾರ್ನು. ಅಜ್ಜಿ ಮೊದಲು ರೇಡಿಯೋ ಕೇಳಿದ್ದು ಹಾಗೆ. ಎಷ್ಟೋ ಊರಿಗೆ ಕರೆಂಟು ಬರುವ ಮೊದಲೇ ಬ್ಯಾಟರಿ ರೇಡಿಯೋ ಬಂದಿತ್ತು. 1965ರಲ್ಲಿ ಭದ್ರಾವತಿ ಕೇಂದ್ರ ಶುರುವಾದ ಮೇಲಂತೂ ನಮ್ಮ ಹೊಳಲ್ಕೆರೆ, ಹೊಸದುರ್ಗದ ಕಡೆಯವರಿಗೆ ಮೀಡಿಯಂ ವೇವ್‌ನಲ್ಲಿ ಸ್ವಂತ ಊರಿನ ದನಿ ಸಿಕ್ಕಂತಾಯಿತು. ಮರ್ಫಿ, ಬುಷ್, ಫಿಲಿಪ್ಸ್ ಸೆಟ್ಟುಗಳನ್ನು ಕಸೂತಿ ಹಾಕಿದ ಬಟ್ಟೆ ಮುಚ್ಚಿ ಗೂಡಿನಲ್ಲಿಡುತ್ತಿದ್ದರು. ಅಂಚೆ ಕಚೇರಿಗೆ ಹೋಗಿ ವರ್ಷಕ್ಕೆ 15 ರೂಪಾಯಿ ಲೈಸೆನ್ಸ್ ಕಟ್ಟಬೇಕಿತ್ತು. ರೇಡಿಯೋ ಕೇಳಲೂ ಲೈಸೆನ್ಸ್ ಇತ್ತು ಅಂದರೆ ಈಗಿನ ಹುಡುಗರು ನಗುತ್ತಾರೆ. ಅದು 1980ರ ದಶಕದ ನಡುವೆ ರದ್ದಾಯಿತು.

ಆ ರೇಡಿಯೋಗಳ ಸ್ಪೀಕರಿಗೆ ಸಿಗುತ್ತಿದ್ದ ಶಕ್ತಿ ಎರಡು ಮೂರು ವಾಟ್ ಮಾತ್ರ. ಬ್ಯಾಟರಿ ಸೆಟ್ಟುಗಳಲ್ಲಿ ಅರ್ಧ ವಾಟೂ ಇರುತ್ತಿರಲಿಲ್ಲ. ಆದರೆ ಮರದ ಪೆಟ್ಟಿಗೆ ದೊಡ್ಡದು, ಕಾಗದದ ಶಂಕು ಐದಾರು ಇಂಚಿನದು, ಅದು ಕೂತಿದ್ದದ್ದು ಮುಂದುಗಡೆ, ಕೇಳುವವರ ಮುಖಕ್ಕೆ ನೇರವಾಗಿ. ಇನ್ನೊಂದು ಮಾತು: ಮನೆ ಮಾಳಿಗೆ ಮನೆ. ಗೇಣುಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತೆ, ಸವುಳು ಮಣ್ಣು. ಮೂಲೆಯಲ್ಲಿ ಶೇಂಗಾ ಚೀಲ, ನುಲಿ ಮಂಚ, ಹಗ್ಗದ ಮೇಲೆ ಕಂಬಳಿ. ಹೊರಟ ಮಾತು ಗೋಡೆಗೆ ಬಡಿದು ವಾಪಸು ಬರುತ್ತಿರಲಿಲ್ಲ, ಅಲ್ಲೇ ಇಂಗುತ್ತಿತ್ತು. ಈಗ ನಮ್ಮದು ಆರ್‌ಸಿಸಿ ಮನೆ, ನೆಲಕ್ಕೆ ಟೈಲ್ಸ್, ಗೋಡೆಗೆ ಪುಟ್ಟಿ. ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ, ಟಣ್ ಅನ್ನುತ್ತದೆ. ಒಂದಕ್ಷರದ ಪ್ರತಿಧ್ವನಿ ಮುಗಿಯುವ ಮೊದಲೇ ಇನ್ನೊಂದಕ್ಷರ ಬಂದು ಅದರ ಮೇಲೆ ಕೂರುತ್ತದೆ. ಎಳೆ ಕಿವಿ ಇದನ್ನು ಬಿಡಿಸಿಕೊಳ್ಳುತ್ತದೆ, ಎಪ್ಪತ್ತೈದರ ಕಿವಿಗೆ ಆಗುವುದಿಲ್ಲ.

1972ರಲ್ಲಿ 'ನಾಗರಹಾವು' ಬಂದಾಗ ನಮ್ಮ ಜಿಲ್ಲೆಯ ಸಂಭ್ರಮ ಹೇಳುವುದೇ ಬೇಡ. ತರಾಸು ಅವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ವಿಜಯಭಾಸ್ಕರ್ ಸಂಗೀತ, ನಮ್ಮದೇ ಕೋಟೆಯ ಬಂಡೆಗಳು. ಮದುವೆ ಮನೆಯ ಮೈಕ್ ಸೆಟ್‌ಗಳಲ್ಲಿ ಆ ಹಾಡುಗಳು ವರ್ಷಗಟ್ಟಲೆ ತಿರುಗಿದವು. ಅಂದಹಾಗೆ ಓಬವ್ವನ ಕತೆ ಕೂಡ ಕಿವಿಯ ಕತೆಯೇ. ನೀರಿಗೆ ಹೋದವಳಿಗೆ ಕಿಂಡಿಯಾಚೆ ಶತ್ರುಗಳ ಗುಸುಗುಸು ಕೇಳಿಸಿದ್ದರಿಂದಲ್ಲವೇ ಒನಕೆ ಎತ್ತಿದ್ದು?

ಆಮೇಲೆ ಬಂದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ ಅದನ್ನು ಹೊರತಂದದ್ದು 1963ರಲ್ಲಾದರೂ ನಮ್ಮ ಊರುಗಳಿಗೆ ಮುಟ್ಟಿದ್ದು 1980ರ ಆಸುಪಾಸಿಗೆ. ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿ ಹಾಡಿದ 'ನಿತ್ಯೋತ್ಸವ' ಕ್ಯಾಸೆಟ್ 1978ರದ್ದು. ಅಶ್ವತ್ಥರ ಶರೀಫರ ಹಾಡುಗಳು, ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ', ಅಣ್ಣಾವ್ರ ಸಿನಿಮಾ ಹಾಡುಗಳು ಟೂ ಇನ್ ಒನ್ ಇದ್ದ ಮನೆಯ ಜಗಲಿಯಲ್ಲಿ ಊರಿಗೆಲ್ಲ ಕೇಳುತ್ತಿದ್ದವು. ನಾಟಕದ ಕ್ಯಾಸೆಟ್ಟಿನಲ್ಲಿ ಮಾತೇ ಮುಖ್ಯ, ಅದರಲ್ಲೂ ಹಿರಣ್ಣಯ್ಯನವರ ವೇಗದ ಮಾತು. ಅದು ಜನಕ್ಕೆ ಚೆನ್ನಾಗಿಯೇ ಕೇಳಿಸಿತು, ನಕ್ಕರು ಕೂಡ.

ರಿಪೇರಿ ಹಿರಿಯರ ಸುವರ್ಣಕಾಲವೂ ಅದೇ. ಜಪಾನಿನ ಸ್ಯಾನ್ಯೋ ಕಂಪನಿಯ ಎಲ್‌ಎ4440 ಎಂಬ ಐಸಿ. ಕಾರಿನ ಸ್ಟೀರಿಯೋಗೆಂದು ಮಾಡಿದ್ದು. 12 ವೋಲ್ಟಿನ ಆಸುಪಾಸಿನಲ್ಲಿ ಎರಡು ಸ್ಪೀಕರಿಗೆ ತಲಾ 6 ವಾಟ್, ಎರಡೂ ಕಡೆ ಸೇರಿಸಿ ಒಂದಕ್ಕೇ ಕೊಟ್ಟರೆ 19 ವಾಟ್. ಜನ ಅದನ್ನು ಬರೀ 'ನಲವತ್ನಾಲ್ಕು ನಲವತ್ತು' ಅನ್ನುತ್ತಿದ್ದರು. ಹಳ್ಳಿ ಹುಡುಗರು ಬೋರ್ಡು ತಂದು, ಪ್ಯಾಕಿಂಗ್ ಪ್ಲೈವುಡ್ಡಿನ ಪೆಟ್ಟಿಗೆ ಹೊಡೆದು, ಬೈಕಿನ ಬ್ಯಾಟರಿಗೆ ಕೊಟ್ಟು ಊರನ್ನೇ ಕುಣಿಸುತ್ತಿದ್ದರು. ಪ್ಲೈವುಡ್ ಇಲ್ಲದವರು ಮಡಕೆ ತರುತ್ತಿದ್ದರು. ಮಡಕೆಯ ಬಾಯಿಗೆ ಸ್ಪೀಕರ್ ಕೂರಿಸಿದರೆ ದಮ್ ದಮ್ ಅಂತ ಬರುತ್ತದೆ, ಈಗಲೂ ಕೆಲವು ಹುಡುಗರು ಹಾಗೆ ಮಾಡುವುದನ್ನು ನೋಡಿದ್ದೇವೆ.

ಇದರ ಹಿಂದಿರುವ ಗುಟ್ಟು ಹಿರಿಯರು ವಿವರಿಸಿದರು. ಕಾಗದ ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲವಾಗುತ್ತದೆ. ಬರೀ ಸ್ಪೀಕರನ್ನು ಮೇಜಿನ ಮೇಲಿಟ್ಟರೆ ಈ ಎರಡೂ ಪಕ್ಕದಿಂದ ಸುತ್ತಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ದಪ್ಪ ಸ್ವರ ಮೊದಲು ಹೋಗುತ್ತದೆ. ಪೆಟ್ಟಿಗೆಯೋ ಮಡಕೆಯೋ ಹಿಂದಿನ ಗಾಳಿಯನ್ನು ಕಟ್ಟಿಹಾಕಿದರೆ ಸ್ವರ ಉಳಿಯುತ್ತದೆ. ಪೆಟ್ಟಿಗೆಯಿಲ್ಲದ ಸ್ಪೀಕರ್ ಎಷ್ಟು ದೊಡ್ಡದಾದರೂ ಅರ್ಧ ಸ್ಪೀಕರ್ ಅನ್ನುವುದು ಅವರ ಮಾತು. ಆದರೆ ಮಡಕೆಗೆ ತನ್ನದೇ ಒಂದು ಸ್ವರವಿರುತ್ತದೆ, ಹಾಡು ಯಾವುದೇ ಇರಲಿ ಅದು ಆ ಒಂದನ್ನೇ ಎತ್ತಿ ಹಾಡುತ್ತದೆ. ಕುಣಿಯೋಕೆ ಚೆಂದ, ಮಾತಿಗೆ ಆಗಿಬರುವುದಿಲ್ಲ.

ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಯಿತು. ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಹಳ್ಳಿಗಳು ನಮಗಿಂತ ಮುಂಚೆಯೇ, 1975–76ರಲ್ಲೇ, ಉಪಗ್ರಹದ ಮೂಲಕ ಟಿವಿ ನೋಡಿದ್ದವು. ಆರು ರಾಜ್ಯದ ಸುಮಾರು 2400 ಹಳ್ಳಿಗಳಲ್ಲಿ ಒಂದು ವರ್ಷ ನಡೆದ 'ಸೈಟ್' ಎಂಬ ಪ್ರಯೋಗ ಅದು. ನಮ್ಮ ಕಡೆ ಟಿವಿ ಅಂದರೆ 1987ರ ಭಾನುವಾರದ ರಾಮಾಯಣ. ಊರಿಗೆ ಒಂದು ಸೆಟ್ಟು, ಸಾಲಿಡೇರ್ ಇಲ್ಲವೇ ಡಯನೋರಾ, ಮರದ ಶಟರಿನ ಪೆಟ್ಟಿಗೆ. ಪಡಸಾಲೆ ತುಂಬಿ ಅಂಗಳದವರೆಗೆ ಜನ ಕೂರುತ್ತಿದ್ದರು. ಹಿಂದಿ ಅರ್ಥವಾಗದಿದ್ದರೂ ಮಾತು ಕಿವಿಗೆ ಬೀಳುತ್ತಿತ್ತು. ಆ ಪೆಟ್ಟಿಗೆಯಲ್ಲಿ ಸ್ಪೀಕರ್ ಒಂದೇ, ಆದರೆ ಅದೂ ಮುಂದುಗಡೆಯೇ ಇತ್ತು. ಪಿಕ್ಚರ್ ಟ್ಯೂಬಿಗೆ ಬೇಕಾದ ಆಳದಿಂದಾಗಿ ಸ್ಪೀಕರಿಗೂ ಪುಕ್ಕಟೆಯಾಗಿ ದೊಡ್ಡ ಪೆಟ್ಟಿಗೆ ಸಿಕ್ಕಿತ್ತು.

ತೆಳು ಟಿವಿ ಬಂದಾಗ ತಪ್ಪಿದ್ದು ಇದೇ. ಎರಡು ಬೆರಳು ದಪ್ಪದ ಟಿವಿಯಲ್ಲಿ ಪೆಟ್ಟಿಗೆಗೆ ಜಾಗವೆಲ್ಲಿ? ಮುಂದೆ ಇಡೋಣವೆಂದರೆ ಅಂಚಿನವರೆಗೂ ಪರದೆ. ಹಾಗಾಗಿ ಬೆರಳುದ್ದದ ಸ್ಪೀಕರುಗಳನ್ನು ತಳಕ್ಕೋ ಬೆನ್ನಿಗೋ ಕೂರಿಸಿದರು. ಗೋಡೆಗೆ ಎತ್ತರದಲ್ಲಿ ನೇತುಹಾಕಿದ ನಮ್ಮ ಟಿವಿಯ ಸದ್ದು ನೆಲಕ್ಕೆ, ಗೋಡೆಗೆ ಬಡಿದು, ಟೈಲ್ಸ್ ಮೇಲೆ ಜಾರಿ ಅಜ್ಜಿಯನ್ನು ತಲುಪುತ್ತಿತ್ತು. ಅಷ್ಟರಲ್ಲಿ ಅದು ಮಾತಾಗಿ ಉಳಿದಿರುತ್ತಿರಲಿಲ್ಲ. ನಮ್ಮ ಹೊಸ ಟಿವಿಯ ಸ್ಪೀಕರುಗಳು ಎರಡೂ ಸೇರಿ 20 ವಾಟ್. ಹಳೇ ರೇಡಿಯೋಕ್ಕಿಂತ ಎಷ್ಟೋ ಪಾಲು ಜಾಸ್ತಿ. ವಾಟ್ ಇತ್ತು, ಮುಖ ಇರಲಿಲ್ಲ.

ಇನ್ನು ಆ 5000ದ ಕತೆ. ವಾಟ್ ಹೆಚ್ಚಿಸಿ ಹೇಳುವ ಚಟ ಹೊಸದಲ್ಲ. ಅಮೆರಿಕದಲ್ಲಿ 1960ರ ದಶಕದಲ್ಲೇ ಕಂಪನಿಗಳು ಬಾಯಿಗೆ ಬಂದ ಅಂಕಿ ಬರೆಯುತ್ತಿದ್ದವು. ಗ್ರಾಹಕರ ಹಿತ ಕಾಯುವ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮ ಮಾಡಿತು. ಮನೆ ಆಂಪ್ಲಿಫೈಯರಿನ ಜಾಹೀರಾತಿನಲ್ಲಿ ವಾಟ್ ಹೇಳುವುದಾದರೆ ಅದು ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನೇ ಹೇಳಬೇಕು, ಒಂದು ಕ್ಷಣ ಚಿಮ್ಮುವುದನ್ನಲ್ಲ. ಈ ನಿರಂತರ ಶಕ್ತಿಯನ್ನೇ ಡಬ್ಬದ ಮೇಲೆ ಆರ್‌ಎಂಎಸ್ ಎಂದು ಬರೆಯುತ್ತಾರೆ. ಪಿಎಂಪಿಒ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಆಯಾ ಕಂಪನಿಯ ಧೈರ್ಯ ಎಷ್ಟೋ ಅಂಕಿ ಅಷ್ಟು. 1980, 90ರ ದಶಕದ ಟೇಪ್‌ರೆಕಾರ್ಡರುಗಳ ಮೇಲೆ 200 ಇದ್ದದ್ದು 1000 ಆಯಿತು, ಆಮೇಲೆ 5000. ಒಳಗಿನ ಐಸಿ ಮಾತ್ರ ಅದೇ ಆರು ಹತ್ತು ವಾಟಿನದು.

ಅದಕ್ಕೇ ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಪೆಟ್ಟಿಗೆಯ ಬೆನ್ನು ಅಥವಾ ಅಡಾಪ್ಟರು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿ. ನೇರ ಪ್ಲಗ್ಗಿಗೆ ಹಾಕುವುದಾದರೆ ಹಿಂದಿನ ಸ್ಟಿಕರಿನಲ್ಲಿ ಎಷ್ಟು ವಾಟ್ ಎಳೆಯುತ್ತದೆ ಎಂದಿರುತ್ತದೆ. ಹೊರಗೆ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ. 24 ವಾಟ್ ಅಂದ ಮಾತ್ರಕ್ಕೆ ಅದು ಕೆಟ್ಟ ಸೆಟ್ಟೂ ಅಲ್ಲ. ಹತ್ತು ಹನ್ನೆರಡು ಅಡಿ ಕೋಣೆಗೆ ನಿಜವಾದ 20 ವಾಟ್ ಧಾರಾಳ. ವಾಟ್ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ, ಕಿವಿಗೆ ಅದು ಗೊತ್ತಾಗುವುದೇ ಕಷ್ಟ. ಸದ್ದು ಎರಡರಷ್ಟು ಅನ್ನಿಸಬೇಕಾದರೆ ವಾಟ್ ಸುಮಾರು ಹತ್ತರಷ್ಟು ಬೇಕು. ಬಯಲಿನಲ್ಲಾದರೆ ಸ್ಪೀಕರಿಗೂ ನಮಗೂ ಇರುವ ದೂರ ಅರ್ಧಕ್ಕಿಳಿದರೆ 6 ಡೆಸಿಬಲ್ ಏರುತ್ತದೆ, ಅಂದರೆ ವಾಟ್ ನಾಲ್ಕರಷ್ಟು ಮಾಡಿದಂತೆ. ಕೋಣೆಯೊಳಗೆ ಅಷ್ಟಿಲ್ಲದಿದ್ದರೂ ಲಾಭ ಲಾಭವೇ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಹಾಗಿದ್ದರೂ ನಮ್ಮ ಹೊಸ ಸೆಟ್ಟಿನಲ್ಲಿ ಅಜ್ಜಿಗೆ ಮಾತು ಇನ್ನೂ ಕಡಿಮೆ ಕೇಳಿಸಿದ್ದು ಯಾಕೆ? ಇದು ನಮಗೆ ಎಲ್ಲಕ್ಕಿಂತ ತಡವಾಗಿ ಗೊತ್ತಾದ ಸಂಗತಿ. ಮಾತಿನ ದಪ್ಪ ದನಿ ಗಂಡಸರಲ್ಲಿ ಸೆಕೆಂಡಿಗೆ ನೂರರ ಆಸುಪಾಸು, ಹೆಂಗಸರಲ್ಲಿ ಇನ್ನೂರರ ಆಸುಪಾಸು ಕಂಪನದ್ದು. ಆದರೆ ಅಕ್ಷರ ಯಾವುದು ಅಂತ ಹೇಳುವ ಸ, ಶ, ತ, ಕ, ಚ ಇವುಗಳ ಗುರುತು ಇರುವುದು ಎರಡು ಸಾವಿರದಿಂದ ಮೇಲೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ಸ್ವರಗಳನ್ನೇ. ಹಿರಿಯರು "ಕೇಳ್ತದೆ, ತಿಳಿಯಲ್ಲ" ಅನ್ನುವುದು ಅದಕ್ಕೇ. ನಾವು ಅವರನ್ನು ಕಿವುಡರೆಂದು ಗದರಿ ವಾಲ್ಯೂಮ್ ಏರಿಸುತ್ತೇವೆ. ದಪ್ಪ ಪೆಟ್ಟಿಗೆ ತಂದರೆ ಧಾರಾವಾಹಿಯ ಹಿನ್ನೆಲೆ ಸಂಗೀತ ಎದ್ದು ಬಂದು ಉಳಿದಿದ್ದ ಅಕ್ಷರವನ್ನೂ ಮುಚ್ಚುತ್ತದೆ. ಅಜ್ಜಿ ಹೇಳಿದ ಗುಡುಗು ಅದೇ.

ಆದ್ದರಿಂದ ಮನೆಯಲ್ಲಿ ಹಿರಿಯರಿದ್ದು ಮಾತಿಗಾಗಿ ಸ್ಪೀಕರ್ ತರುವವರು ದಪ್ಪ ಪೆಟ್ಟಿಗೆಯ 2.1 ಸೆಟ್ಟಿಗೆ ಆಸೆಪಡಬೇಡಿ ಅನ್ನುವುದು ನಮ್ಮ ಅಭಿಪ್ರಾಯ. ಮುಂದಕ್ಕೆ ಮುಖ ಮಾಡಿದ ಎರಡು ಸಾಧಾರಣ ಪೆಟ್ಟಿಗೆಯೋ, ಟಿವಿ ಕೆಳಗಿಡುವ ಸಣ್ಣ ಸೌಂಡ್‌ಬಾರೋ ಸಾಕು. ಹಾಡು, ಸಿನಿಮಾ ಇಷ್ಟಪಡುವ ಹುಡುಗರಿದ್ದರೆ 2.1 ತನ್ನಿ, ಆದರೆ ಬಾಸ್ ತಗ್ಗಿಸುವ ತಿರುಗಣೆ ಬೇರೆಯೇ ಇರಬೇಕು, ದಪ್ಪ ಪೆಟ್ಟಿಗೆಯನ್ನು ಮೂಲೆಗೆ ತುರುಕಬಾರದು, ಮೂಲೆ ಅದನ್ನು ಇನ್ನೂ ಗುಡುಗಿಸುತ್ತದೆ. ಆರು ಪೆಟ್ಟಿಗೆಯ 5.1 ಹೋಮ್ ಥಿಯೇಟರ್ ಬಗ್ಗೆ ನಮಗೆ ಮೊದಲಿಂದಲೂ ಅನುಮಾನ. ಡಿಶ್‌ನಲ್ಲಿ ಬರುವ ಕನ್ನಡ ಧಾರಾವಾಹಿಯ ಸದ್ದು ಬಹುಪಾಲು ಎರಡು ಕಡೆಯದು ಮಾತ್ರ, ಹಿಂದಿನ ಪೆಟ್ಟಿಗೆಗಳ ವೈರು ಎಡವುವುದಕ್ಕಷ್ಟೇ.

ಅಂಗಡಿಗೆ ಹೋಗುವ ಮೊದಲು ಟಿವಿಯ ಬೆನ್ನಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಎಚ್‌ಡಿಎಂಐ ತೂತಿನ ಪಕ್ಕ 'ಎಆರ್‌ಸಿ' ಎಂದಿದ್ದರೆ ಒಂದೇ ಕೇಬಲ್ಲಿನಲ್ಲಿ ಸದ್ದು ಹೊರಬರುತ್ತದೆ, ಟಿವಿ ರಿಮೋಟಿನಲ್ಲೇ ಸದ್ದು ಏರಿಸಿ ಇಳಿಸಬಹುದು. ಹೆಡ್‌ಫೋನಿನ ತೂತಿದ್ದರೆ ಆಕ್ಸ್ ಕೇಬಲ್ ನಡೆಯುತ್ತದೆ. ಎರಡೂ ಇಲ್ಲದ ಹಳೇ ಟಿವಿಯಾದರೆ ಫ್ರೀ ಡಿಶ್ ಪೆಟ್ಟಿಗೆಯ ಹಿಂದಿನ ಕೆಂಪು, ಬಿಳಿ ಪಿನ್ನಿನಿಂದ ಸದ್ದು ತೆಗೆಯಬಹುದು. ಬ್ಲೂಟೂತ್ ಸುಲಭ, ಆದರೆ ಸದ್ದು ಕೊಂಚ ತಡವಾಗಿ ಬಂದು ತುಟಿ ಮೊದಲು, ಮಾತು ಆಮೇಲೆ ಆಗುತ್ತದೆ. ಹಾಡಿಗೆ ತೊಂದರೆಯಿಲ್ಲ. ತುಟಿ ನೋಡಿ ಮಾತು ಊಹಿಸುವ ಹಿರಿಯರಿಗೆ ಅದು ದೊಡ್ಡ ಅನ್ಯಾಯ.

ಇನ್ನೊಂದು: ಅಂಗಡಿಯವರು ಹಾಕುವ ಡಿಜೆ ಹಾಡು ಕೇಳಿ ಮರುಳಾಗಬೇಡಿ. ನಿಮ್ಮ ಮೊಬೈಲಿನಲ್ಲಿ ಒಂದು ವಾರ್ತೆಯನ್ನೋ ಹಳೇ ನಾಟಕವನ್ನೋ ಇಟ್ಟುಕೊಂಡು ಹೋಗಿ, ಸಣ್ಣ ವಾಲ್ಯೂಮಿನಲ್ಲಿ ಹಾಕಿಸಿ. ಸಾಧ್ಯವಾದರೆ ಅಜ್ಜಿಯನ್ನೇ ಕರೆದುಕೊಂಡು ಹೋಗಿ. ಬಿಲ್ ಕೇಳಿ. ಅಡಾಪ್ಟರಿನ ಮೇಲೆ ಬಿಐಎಸ್ ಗುರುತು ಇದೆಯೇ ನೋಡಿ. ಸಿಡಿಲಿನ ಮಳೆ ಬಂದರೆ ಪ್ಲಗ್ ಕಿತ್ತಿಡಿ.

ನಮ್ಮ ಮನೆಯಲ್ಲಿ ಕೊನೆಗೆ ಆದದ್ದು ಇದ್ಯಾವುದೂ ಅಲ್ಲ. ಹಿರಿಯರು "ಅಟ್ಟದ ಮೇಲೆ ಹಳೇ ಟೇಪ್‌ರೆಕಾರ್ಡರ್ ಐತಾ?" ಅಂತ ಕೇಳಿದರು. ಅಪ್ಪ 1990ರ ದಶಕದಲ್ಲಿ ತಂದ ಟೂ ಇನ್ ಒನ್ ಧೂಳು ಹಿಡಿದು ಕೂತಿತ್ತು. ಡೆಕ್ಕು ಸತ್ತಿತ್ತು, ಐದು ಇಂಚಿನ ಎರಡು ಕಾಗದದ ಸ್ಪೀಕರು ಹಾಗೇ ಇದ್ದವು. ಒಂದರ ಅಂಚನ್ನು ಇಲಿ ಕಡಿದಿತ್ತು, ಅದಕ್ಕೆ ತೆಳು ಬಟ್ಟೆ ಅಂಟಿಸಿದರು. ಹಿಂದೆ 8 ಓಮ್ ಎಂದಿದ್ದದ್ದನ್ನು ಓದಿ, ಅಂಗೈ ಅಗಲದ ಒಂದು ಹೊಸ ಆಂಪ್ಲಿಫೈಯರ್ ಬೋರ್ಡು ಹಾಕಿ, ಎರಡು ಪ್ಲೈವುಡ್ ಪೆಟ್ಟಿಗೆ ಹೊಡೆಸಿ ಕೊಟ್ಟರು. ಅಡಾಪ್ಟರು ನಮ್ಮ 5000ದ ಸೆಟ್ಟಿನದೇ. ಒಟ್ಟು ಖರ್ಚು ಒಂಬೈನೂರು ರೂಪಾಯಿ, ಅವರ ಕೂಲಿ ಸೇರಿ. ಎಲ್ಲ ಊರಲ್ಲೂ ಇಂಥವರು ಸಿಗುವುದಿಲ್ಲ, ಅವರ ಅಂಗಡಿಯಲ್ಲೂ ಈಗ ಕೆಲಸ ಕಲಿಯುವ ಹುಡುಗನಿಲ್ಲ.

ಪೆಟ್ಟಿಗೆಗಳನ್ನು ಟಿವಿ ಪಕ್ಕ ಇಡಲಿಲ್ಲ. ಅಜ್ಜಿಯ ಮಂಚದ ಹತ್ತಿರ, ಕೂತರೆ ಕಿವಿಯ ಎತ್ತರಕ್ಕೆ, ನಾಲ್ಕಡಿ ದೂರದಲ್ಲಿಟ್ಟೆವು. ಎದುರು ಗೋಡೆಗೆ ಹಳೇ ಚಳ್ಳಕೆರೆ ಕಂಬಳಿಯೊಂದನ್ನು ನೇತುಹಾಕಿದೆವು. ಮನೆಗೆ ಬಂದವರು ಇದೇನು ಕುರಿಹಟ್ಟಿ ಮಾಡಿದ್ದೀರಿ ಅಂತ ನಗುತ್ತಾರೆ. ಟಣ್ ಅನ್ನುವುದು ಸಾಕಷ್ಟು ಕಡಿಮೆಯಾಗಿದೆ. ವಾಲ್ಯೂಮ್ ಈಗ 25. ಹುಡುಗಿ ಮಾಳಿಗೆಯಿಂದ ಇಳಿದು ಒಳಕೋಣೆಯಲ್ಲಿ ಓದುತ್ತಾಳೆ.

ಇಷ್ಟಾದರೂ ಕೆಲವು ಮಾತು ಅಜ್ಜಿಗೆ ತಪ್ಪುತ್ತಿತ್ತು. ಜಿಲ್ಲಾಸ್ಪತ್ರೆಯ ಕಿವಿ ವೈದ್ಯರಿಗೆ ತೋರಿಸಿದೆವು. ಒಂದು ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ ತುಂಬಿತ್ತು, ತೆಗೆದರು. ಈ ಕೆಲಸ ಟಿವಿ ತರುವ ಮೊದಲೇ ಮಾಡಬೇಕಿತ್ತು. ನೀವೂ ಸ್ಪೀಕರ್ ಅಂಗಡಿಗೆ ಹೋಗುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.

ಅಡಾಪ್ಟರಿಲ್ಲದ 5000 ವಾಟಿನ ಸೆಟ್ಟನ್ನು ತಮ್ಮ ಟ್ರ್ಯಾಕ್ಟರಿಗೆ ಕಟ್ಟಿಕೊಂಡಿದ್ದಾನೆ. ನೀಲಿ ದೀಪ ಈಗಲೂ ಉರಿಯುತ್ತದೆ. ಅವನು ಹೊಲದಿಂದ ಬರುವುದು ಅರ್ಧ ಮೈಲಿ ಮೊದಲೇ ಗೊತ್ತಾಗುತ್ತದೆ. "ಬಂತು ನೋಡು ಗುಡುಗು, ಸಾರು ಬಿಸಿಗಿಡ್ರಿ" ಅನ್ನುತ್ತಾಳೆ ಅಜ್ಜಿ, ಧಾರಾವಾಹಿಯಿಂದ ಕಣ್ಣು ತೆಗೆಯದೆ.